ಇಸುಬಿನ ಮುಲಾಮು: ಎಷ್ಟು, ಎಲ್ಲಿ, ಎಷ್ಟು ದಿನ?

“ಅಣ್ಣಾ, ತುರಿಕಿಗಿ ಒಂದು ಟ್ಯೂಬ್ ಕೊಡ್ರಿ.” ಬೀದರ್, ಭಾಲ್ಕಿ, ಔರಾದ್, ಯಾವ ಊರಿನ ಔಷಧಿ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಕಪಾಟಿನಿಂದ ಒಂದು ಟ್ಯೂಬ್ ತೆಗೆದು ಕೊಡುತ್ತಾರೆ. “ಹಚ್ಕೋರಿ, ಎರಡು ದಿನದಾಗ ಕಡಿಮಿ ಆಗ್ತದ” ಅನ್ನುತ್ತಾರೆ. ಹೇಳಿದಂತೆಯೇ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ನಂಬಿಕೆ ಗಟ್ಟಿಯಾಗುತ್ತದೆ. ಹದಿನೈದು ದಿನಕ್ಕೆ ತುರಿಕೆ ಮರಳಿ ಬಂದಾಗ ಅದೇ ಟ್ಯೂಬ್ ಮತ್ತೆ ಮನೆಗೆ ಬರುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಜಾಗದ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು ಕಾಣತೊಡಗುತ್ತವೆ.

ಇಸುಬಿಗೆ ವೈದ್ಯರು ಬರೆಯುವ ಮುಲಾಮು ಒಳ್ಳೆಯ ಔಷಧಿ. ಸರಿಯಾಗಿ ಹಚ್ಚಿದರೆ ಮಗು ರಾತ್ರಿ ನಿದ್ದೆ ಮಾಡುತ್ತದೆ, ರೈತ ಮತ್ತೆ ಹೊಲಕ್ಕೆ ಹೋಗುತ್ತಾನೆ. ಅದೇ ಮುಲಾಮು ಲೆಕ್ಕ ತಪ್ಪಿದರೆ ಕಾಯಿಲೆಗಿಂತ ದೊಡ್ಡ ತೊಂದರೆ ತರುತ್ತದೆ. ಆ ಲೆಕ್ಕದಲ್ಲಿ ಮೂರೇ ಪ್ರಶ್ನೆಗಳಿವೆ: ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬೇಕು, ಎಷ್ಟು ದಿನ ಹಚ್ಚಬೇಕು. ಈ ಮೂರಕ್ಕೂ ಉತ್ತರ ಗೊತ್ತಿಲ್ಲದೆ ಯಾರೂ ಟ್ಯೂಬಿನ ಮುಚ್ಚಳ ತೆಗೆಯಬಾರದು.

ಮೊದಲು ಕಾಯಿಲೆ ಯಾವುದೆಂದು ಗೊತ್ತಾಗಲಿ

ತುರಿಸುವುದೆಲ್ಲ ಇಸುಬಲ್ಲ. ಇಸುಬು ಅಂದರೆ ಚರ್ಮದ ಉರಿಯೂತ. ಚರ್ಮದ ಹೊರಪದರ ತೇವ ಹಿಡಿದಿಡುವ ಶಕ್ತಿ ಕಳೆದುಕೊಂಡು ಒಣಗುತ್ತದೆ, ಕೆಂಪಾಗುತ್ತದೆ, ತುರಿಸುತ್ತದೆ; ತುರಿಸಿದಷ್ಟೂ ದಪ್ಪವಾಗುತ್ತದೆ. ಹಸುಗೂಸುಗಳಲ್ಲಿ ಕೆನ್ನೆ ಮತ್ತು ಹಣೆಯ ಮೇಲೆ, ಬೆಳೆದ ಮಕ್ಕಳಲ್ಲಿ ಮೊಣಕೈ ಒಳಮಡಿಕೆ ಮತ್ತು ಮೊಣಕಾಲಿನ ಹಿಂದೆ ಕಾಣಿಸುವುದು ಹೆಚ್ಚು. ಮನೆಯಲ್ಲಿ ಯಾರಿಗಾದರೂ ದಮ್ಮು, ಪದೇ ಪದೇ ಸೀನುವ ಅಲರ್ಜಿ ಇದ್ದರೆ ಮಕ್ಕಳಲ್ಲಿ ಇಸುಬು ಬರುವ ಸಾಧ್ಯತೆ ಜಾಸ್ತಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಇಸುಬಿರುವ ಮಗುವನ್ನು ಶಾಲೆಯಲ್ಲಿ ಬೇರೆ ಕೂರಿಸುವ, ಎತ್ತಿಕೊಳ್ಳಲು ಹಿಂಜರಿಯುವ ಅಗತ್ಯ ಯಾವತ್ತೂ ಇಲ್ಲ.

ಇಸುಬಿನಂತೆ ಕಾಣುವ ಬೇರೆ ಕಾಯಿಲೆಗಳಿವೆ:

• ಹುಳುಕಡ್ಡಿ. ಗಜಕರ್ಣ, ದಾದ್ ಎಂದೂ ಕರೆಯುತ್ತಾರೆ. ಇದು ಶಿಲೀಂಧ್ರದ ಸೋಂಕು. ದುಂಡಗೆ ಹರಡುತ್ತದೆ, ಅಂಚು ಎದ್ದು ಕೆಂಪಾಗಿರುತ್ತದೆ, ನಡುವಿನ ಚರ್ಮ ತಿಳಿಯಾಗಿರುತ್ತದೆ. ತೊಡೆಸಂದು, ಸೊಂಟದ ಸುತ್ತ ಹೆಚ್ಚು. ಇಸುಬಿಗೆ ಕೊಡುವ, ಉರಿಯೂತ ಅಡಗಿಸುವ ಸ್ಟೀರಾಯ್ಡ್ ಮುಲಾಮನ್ನು ಇದಕ್ಕೆ ಹಚ್ಚಿದರೆ ಕೆಂಪು ಮಾತ್ರ ಇಳಿದು ಶಿಲೀಂಧ್ರ ಇನ್ನಷ್ಟು ಹಬ್ಬುತ್ತದೆ.

• ಕಜ್ಜಿ. ರಾತ್ರಿ ತುರಿಕೆ ತಡೆಯಲಾಗದಷ್ಟು ಇರುತ್ತದೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳು. ಮನೆಯಲ್ಲಿ ಅಥವಾ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಇಬ್ಬರು ಮೂವರು ಒಟ್ಟಿಗೆ ತುರಿಸಿಕೊಳ್ಳುತ್ತಿದ್ದರೆ ಮೊದಲು ಕಜ್ಜಿಯ ಅನುಮಾನವೇ ಬರಬೇಕು. ಇದಕ್ಕೆ ಔಷಧಿ ಬೇರೆ, ಅದೂ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು.

• ಸೋರಿಯಾಸಿಸ್. ಮೊಣಕೈ, ಮೊಣಕಾಲಿನ ಹೊರಭಾಗ ಮತ್ತು ತಲೆಯಲ್ಲಿ ದಪ್ಪ ಬಿಳಿ ಪೊರೆ ಏಳುತ್ತದೆ.

• ತುರಿಕೆಯೇ ಇಲ್ಲದ, ಮುಟ್ಟಿದರೆ ಸ್ಪರ್ಶ ತಿಳಿಯದ, ತಿಳಿಬಣ್ಣದ ಮಚ್ಚೆ. ಇದಕ್ಕೆ ಯಾವ ಮುಲಾಮನ್ನೂ ಹಚ್ಚದೆ ಸರಕಾರಿ ಆಸ್ಪತ್ರೆಯಲ್ಲಿ ಕುಷ್ಠರೋಗದ ತಪಾಸಣೆ ಮಾಡಿಸಿ. ಚಿಕಿತ್ಸೆ ಉಚಿತ, ಬೇಗ ಶುರುವಾದರೆ ಪೂರ್ತಿ ವಾಸಿಯಾಗುತ್ತದೆ.

ಬೀದರ್ ಜಿಲ್ಲೆಯ ರೈತ ಕುಟುಂಬಗಳು ತಿಳಿದಿರಬೇಕಾದ ಇನ್ನೊಂದಿದೆ, ಕಾಂಗ್ರೆಸ್ ಗಿಡದ ಅಲರ್ಜಿ. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಈ ಪಾರ್ಥೇನಿಯಂ ಇವತ್ತು ತೊಗರಿ ಹೊಲದ ಬದುವಿನಿಂದ ಊರ ರಸ್ತೆ ಬದಿಯವರೆಗೆ ಎಲ್ಲೆಲ್ಲೂ ಇದೆ. ಒಣಗಿದ ಗಿಡದ ಧೂಳು, ಎಲೆಯ ಮೇಲಿನ ಸಣ್ಣ ರೋಮ ಗಾಳಿಯಲ್ಲಿ ಹಾರಿ ಮೈಗೆ ಕೂರುತ್ತವೆ. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕಕ್ಕೆ ಕೆಲವರ ದೇಹ ಅಲರ್ಜಿ ಬೆಳೆಸಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಇಸುಬೇ ಇರದಿದ್ದ, ನಲವತ್ತು ದಾಟಿದ ರೈತನಿಗೆ ಮುಖ, ಕಣ್ಣಿನ ರೆಪ್ಪೆ, ಕಿವಿಯ ಹಿಂದೆ, ಕತ್ತಿನ ಮಡಿಕೆ, ಮೊಣಕೈ ಒಳಗೆ ಒಮ್ಮೆಲೇ ತುರಿಕೆ ಶುರುವಾಗಿ, ಮಳೆಗಾಲದಲ್ಲಿ ಹೆಚ್ಚುತ್ತಿದ್ದರೆ ಈ ಗಿಡದ ಮೇಲೆ ಕಣ್ಣಿಡಬೇಕು. ಅಂಥವರು ಮುಲಾಮು ಹಚ್ಚಿಕೊಂಡು ಮತ್ತೆ ಅದೇ ಗಿಡ ಕೀಳಲು ಹೋದರೆ ಔಷಧಿ ಸೋಲುತ್ತದೆ. ಕೀಳುವ ಕೆಲಸ ಅಲರ್ಜಿ ಇಲ್ಲದವರು, ಹೂ ಬಿಡುವ ಮೊದಲು, ಪೂರ್ತಿ ತೋಳಿನ ಅಂಗಿ ಮತ್ತು ಕೈಗವಸು ಹಾಕಿಕೊಂಡು ಮಾಡಲಿ. ಕಿತ್ತ ಗಿಡವನ್ನು ಮನೆ ಪಕ್ಕ ಒಟ್ಟಿ ಸುಡಬೇಡಿ.

ಕೈಯ ಇಸುಬಿಗೆ ಕೆಲಸವೂ ಕಾರಣವಾಗುತ್ತದೆ. ದಿನವಿಡೀ ಪಾತ್ರೆ, ಬಟ್ಟೆ ತೊಳೆಯುವವರು, ಸಿಮೆಂಟ್ ಕಲಸುವ ಗೌಂಡಿಗಳು, ಮೈಲುತುತ್ತ ಮತ್ತು ನವಸಾಗರ ಬಳಸುವ ಬಿದ್ರಿ ಕುಶಲಕರ್ಮಿಗಳು ತಮ್ಮ ಕೆಲಸ ಏನೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಕೈ ನೋಡಿದ ವೈದ್ಯರಿಗೆ ಕಾರಣ ಹುಡುಕಲು ಈ ಒಂದು ಮಾತು ಸಾಕಾಗಬಹುದು.

ಚೀಟಿ ಇಲ್ಲದ ಟ್ಯೂಬು ಯಾಕೆ ಬೇಡ

1952ರಲ್ಲಿ ಅಮೆರಿಕದ ಚರ್ಮವೈದ್ಯರಾದ ಮೇರಿಯನ್ ಸಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟ್ಟನ್ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚರ್ಮದ ಮೇಲೆ ಹಚ್ಚಿ ಫಲ ಕಂಡಾಗ ಇಸುಬಿನ ಚಿಕಿತ್ಸೆಯೇ ಬದಲಾಯಿತು. ಅಲ್ಲಿಂದ ಇಲ್ಲಿಯವರೆಗೆ ಸ್ಟೀರಾಯ್ಡ್ ಮುಲಾಮೇ ಇಸುಬಿನ ಮುಖ್ಯ ಔಷಧಿ. ತೊಂದರೆ ಬಂದಿರುವುದು ಅದನ್ನು ಮಾರುವ ಮತ್ತು ಬಳಸುವ ರೀತಿಯಲ್ಲಿ.

ನಮ್ಮ ಅಂಗಡಿಗಳಲ್ಲಿ ತುರಿಕೆಗೆಂದು ಕೊಡುವ ಎಷ್ಟೋ ಟ್ಯೂಬುಗಳಲ್ಲಿ ಮೂರು ನಾಲ್ಕು ಔಷಧಿಗಳು ಒಟ್ಟಿಗಿರುತ್ತವೆ: ಒಂದು ಬಲವಾದ ಸ್ಟೀರಾಯ್ಡ್, ಒಂದು ಆ್ಯಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ. ಯಾವ ಕಾಯಿಲೆಯಾದರೂ ಒಂದಕ್ಕಲ್ಲ ಒಂದಕ್ಕೆ ತಾಗಲಿ ಎಂಬ ಲೆಕ್ಕ ಅದು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುವುದರಿಂದ ರೋಗಿಗೆ ವಾಸಿಯಾದಂತೆ ಅನಿಸುತ್ತದೆ. ಹುಳುಕಡ್ಡಿ ಇದ್ದವರಲ್ಲಿ ಶಿಲೀಂಧ್ರ ಒಳಗೊಳಗೇ ಹಬ್ಬಿ, ಆಕಾರ ಬದಲಿಸಿ, ಆಮೇಲೆ ತಜ್ಞರಿಗೂ ಗುರುತು ಸಿಗದಂತಾಗುತ್ತದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೇಶದಾದ್ಯಂತ ಹುಳುಕಡ್ಡಿ ಮೊಂಡಾಗಿರುವುದಕ್ಕೆ ಇಂಥ ಮಿಶ್ರ ಮುಲಾಮುಗಳೂ ಒಂದು ಮುಖ್ಯ ಕಾರಣ ಎಂದು ಚರ್ಮತಜ್ಞರು ಹೇಳುತ್ತಾರೆ. ಸಾಮಾನ್ಯ ಔಷಧಿಗೆ ಬಗ್ಗದ ಶಿಲೀಂಧ್ರ ತಳಿಯೊಂದಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಸೇರಿಕೊಂಡಿದೆ.

ಮುಖಕ್ಕೆ ಹಚ್ಚುವವರ ಕಥೆ ಇನ್ನೂ ಗಂಭೀರ. ಭಾರತದ ಹಲವು ಚರ್ಮರೋಗ ಕೇಂದ್ರಗಳು ಸೇರಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿದವರು ವೈದ್ಯರಲ್ಲ. ಬೆಳ್ಳಗಾಗಲು, ಮೊಡವೆ ಹೋಗಲು, ಕಲೆ ಮಾಸಲು ಅಂತ ಹಚ್ಚಿದ ಮುಖ ಕೊನೆಗೆ ಬಿಸಿಲು ತಾಗಿದರೆ ಉರಿಯುತ್ತದೆ, ಮೊಡವೆ ತುಂಬುತ್ತದೆ, ಕೂದಲು ಬೆಳೆಯುತ್ತದೆ, ಹಚ್ಚುವುದು ಬಿಟ್ಟ ಕೂಡಲೆ ಕೆಂಪಾಗಿ ಊದುತ್ತದೆ.

ಇದನ್ನು ಕಂಡೇ ಕೇಂದ್ರ ಸರಕಾರ 2018ರ ಮಾರ್ಚ್ 23ರಂದು 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಇವನ್ನು ಚಿಲ್ಲರೆಯಾಗಿ ಮಾರುವಂತಿಲ್ಲ. ನಿಯಮ ಬಂದು ವರ್ಷಗಳಾದರೂ ಕೇಳಿದರೆ ಟ್ಯೂಬ್ ಸಿಗುವುದು ನಿಂತಿಲ್ಲ. ಹಾಗಾಗಿ ಕೊಳ್ಳುವವರೇ ಎಚ್ಚರ ವಹಿಸಬೇಕು. ಹಳೆಯ ಚೀಟಿ, ಪಕ್ಕದ ಮನೆಯವರ ಟ್ಯೂಬು, ಅಣ್ಣನ ಮಗನಿಗೆ ತಂದು ಉಳಿದದ್ದು, ಯಾವುದೂ ನಿಮ್ಮ ಚೀಟಿಯಲ್ಲ.

ಟ್ಯೂಬಿನ ಮೇಲೆ ಏನು ಓದಬೇಕು

ಟ್ಯೂಬ್ ಕೈಗೆ ಬಂದ ಕೂಡಲೆ ದೊಡ್ಡಕ್ಷರದ ಕಂಪನಿ ಹೆಸರನ್ನು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ, ಓದಲಾಗದಿದ್ದರೆ ಮನೆಯ ಶಾಲೆಯ ಮಕ್ಕಳಿಂದ ಓದಿಸಿ. ಒಳಗೆ ಯಾವ ಔಷಧಿ ಇದೆ ಎಂಬುದು ಅಲ್ಲಿರುತ್ತದೆ. ಸ್ಟೀರಾಯ್ಡ್‌ಗಳು ಬಲದ ಪ್ರಕಾರ ಸ್ಥೂಲವಾಗಿ ಹೀಗೆ ಸಾಲುಗಟ್ಟುತ್ತವೆ:

• ಸೌಮ್ಯ: ಹೈಡ್ರೋಕಾರ್ಟಿಸೋನ್ 1%, ಡೆಸೊನೈಡ್ 0.05%.
• ಮಧ್ಯಮ: ಕ್ಲೊಬೆಟಾಸೋನ್ ಬ್ಯುಟಿರೇಟ್ 0.05%.
• ಬಲವಾದದ್ದು: ಮೊಮೆಟಾಸೋನ್ 0.1%, ಬೀಟಾಮೆಥಾಸೋನ್ ವ್ಯಾಲರೇಟ್ 0.1%, ಫ್ಲುಟಿಕಾಸೋನ್.
• ಅತಿ ಬಲವಾದದ್ದು: ಕ್ಲೊಬೆಟಾಸಾಲ್ ಪ್ರೊಪಿಯೊನೇಟ್ 0.05%.

ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. 1 ಪರ್ಸೆಂಟಿಗಿಂತ 0.05 ಪರ್ಸೆಂಟ್ ಕಡಿಮೆ, ಆದ್ದರಿಂದ ಇದೇ ಸೌಮ್ಯ ಎಂದು ಭಾವಿಸುತ್ತಾರೆ. ಬೇರೆ ಬೇರೆ ಔಷಧಿಗಳ ಪರ್ಸೆಂಟನ್ನು ಹಾಗೆ ಹೋಲಿಸಲು ಬರುವುದಿಲ್ಲ. 0.05% ಕ್ಲೊಬೆಟಾಸಾಲ್, 1% ಹೈಡ್ರೋಕಾರ್ಟಿಸೋನಿಗಿಂತ ಹಲವು ನೂರು ಪಟ್ಟು ಬಲಶಾಲಿ. ಅದನ್ನು ಸತತ ಎರಡು ವಾರಕ್ಕಿಂತ ಹೆಚ್ಚು, ವಾರಕ್ಕೆ 50 ಗ್ರಾಂಗಿಂತ ಹೆಚ್ಚು ಬಳಸಬಾರದೆಂದು ತಯಾರಕರ ಸೂಚನೆಯೇ ಹೇಳುತ್ತದೆ.

ಎಲ್ಲಿ ಹಚ್ಚಬೇಕು ಎಂಬ ಪ್ರಶ್ನೆಗೆ ಉತ್ತರ ಈ ಪಟ್ಟಿಯಲ್ಲೇ ಇದೆ. ಅಂಗೈ, ಅಂಗಾಲಿನ ಚರ್ಮ ದಪ್ಪ. ಬಲವಾದ ಮುಲಾಮೇ ಬೇಕಾಗಬಹುದು. ಮುಖ, ಕಣ್ಣಿನ ರೆಪ್ಪೆ, ಕತ್ತು, ಕಂಕುಳು, ತೊಡೆಸಂದು, ಜನನಾಂಗದ ಚರ್ಮ ತೆಳು. ಔಷಧಿ ಬೇಗ ಒಳಗಿಳಿಯುತ್ತದೆ. ಇಲ್ಲಿಗೆ ಸೌಮ್ಯವಾದದ್ದು, ಅದೂ ಕೆಲವೇ ದಿನ. ಕಣ್ಣಿನ ಸುತ್ತ ಬಲವಾದ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಅಪಾಯ. ಕೈಗೆ ಬರೆದ ಟ್ಯೂಬನ್ನು ಮುಖಕ್ಕೂ ಎಳೆಯಬೇಡಿ.

ಕ್ರೀಮೋ, ಆಯಿಂಟ್‌ಮೆಂಟೋ ಎಂಬುದನ್ನೂ ನೋಡಿ. ಆಯಿಂಟ್‌ಮೆಂಟ್ ಜಿಡ್ಡು, ಒಣಗಿ ಬಿರಿದ, ದಪ್ಪಗಟ್ಟಿದ ಚರ್ಮಕ್ಕೆ ಒಳ್ಳೆಯದು. ನೀರು ಸೋರುವ ಜಾಗಕ್ಕೆ, ಮಡಿಕೆಗಳಿಗೆ, ಮೇ ತಿಂಗಳ ಬೆವರಿಗೆ ಕ್ರೀಮ್ ಮೇಲು. ತಲೆಗೆ ಲೋಷನ್. ವೈದ್ಯರು ಆಯಿಂಟ್‌ಮೆಂಟ್ ಎಂದು ಬರೆದದ್ದಕ್ಕೆ ಅಂಗಡಿಯಲ್ಲಿ ಕ್ರೀಮ್ ಕೊಟ್ಟರೆ ಕೇಳಿ ಬದಲಿಸಿಕೊಳ್ಳಿ.

ಬೆರಳ ತುದಿಯ ಅಳತೆ

“ತೆಳ್ಳಗೆ ಹಚ್ಚಿ” ಅಂದರೆ ಎಷ್ಟು? ಇದಕ್ಕೆ 1991ರಲ್ಲಿ ಬ್ರಿಟನ್ನಿನ ವೈದ್ಯರಾದ ಲಾಂಗ್ ಮತ್ತು ಫಿನ್ಲೆ ಒಂದು ಸುಲಭದ ಅಳತೆ ಕೊಟ್ಟರು. ಇವತ್ತು ಜಗತ್ತಿನ ಹಲವು ಕಡೆ ಚರ್ಮವೈದ್ಯರು ಅದನ್ನೇ ಬಳಸುತ್ತಾರೆ.

ದೊಡ್ಡವರ ತೋರುಬೆರಳನ್ನು ಚಾಚಿ. ಬೆರಳ ಕೊನೆಯ ಮಡಿಕೆಯಿಂದ ತುದಿಯವರೆಗೆ ಟ್ಯೂಬ್ ಒತ್ತಿ ಒಂದು ಗೆರೆ ಎಳೆಯಿರಿ. ಟ್ಯೂಬಿನ ಬಾಯಿ 5 ಮಿಲಿಮೀಟರ್ ಇದ್ದರೆ ಆ ಗೆರೆಯ ತೂಕ ಸುಮಾರು ಅರ್ಧ ಗ್ರಾಂ. ಬೆರಳುಗಳನ್ನು ಜೋಡಿಸಿ ಚಾಚಿದ ದೊಡ್ಡವರ ಎರಡು ಅಂಗೈಯಷ್ಟು (ಬೆರಳೂ ಸೇರಿ) ಜಾಗಕ್ಕೆ ಅಷ್ಟು ಸಾಕು. ನಿಮ್ಮ ಟ್ಯೂಬಿನ ಬಾಯಿ ಇದಕ್ಕಿಂತ ಕಿರಿದಾಗಿದ್ದರೆ ಅದೇ ಉದ್ದದ ಗೆರೆ ಕಡಿಮೆ ತೂಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ದೊಡ್ಡವರಲ್ಲಿ ಪೂರ್ತಿ ಭಾಗಕ್ಕೆ ಬೇಕಾಗುವ ಗೆರೆಗಳು:

• ಮುಖ ಮತ್ತು ಕತ್ತು: 2.5
• ಒಂದು ತೋಳು: 3, ಒಂದು ಹಸ್ತದ ಎರಡೂ ಬದಿ: 1
• ಒಂದು ಕಾಲು: 6, ಒಂದು ಪಾದ: 2
• ಎದೆ ಮತ್ತು ಹೊಟ್ಟೆ: 7, ಬೆನ್ನು ಮತ್ತು ಪೃಷ್ಠ: 7

ಮಕ್ಕಳಿಗೆ, ದೊಡ್ಡವರ ಬೆರಳಲ್ಲೇ ಅಳೆದು:

• 3ರಿಂದ 6 ತಿಂಗಳು: ಮುಖ–ಕತ್ತು 1, ಒಂದು ಕೈ 1, ಒಂದು ಕಾಲು 1.5, ಎದೆ–ಹೊಟ್ಟೆ 1, ಬೆನ್ನು 1.5
• 1ರಿಂದ 2 ವರ್ಷ: ಮುಖ–ಕತ್ತು 1.5, ಕೈ 1.5, ಕಾಲು 2, ಎದೆ–ಹೊಟ್ಟೆ 2, ಬೆನ್ನು 3
• 3ರಿಂದ 5 ವರ್ಷ: ಮುಖ–ಕತ್ತು 1.5, ಕೈ 2, ಕಾಲು 3, ಎದೆ–ಹೊಟ್ಟೆ 3, ಬೆನ್ನು 3.5
• 6ರಿಂದ 10 ವರ್ಷ: ಮುಖ–ಕತ್ತು 2, ಕೈ 2.5, ಕಾಲು 4.5, ಎದೆ–ಹೊಟ್ಟೆ 3.5, ಬೆನ್ನು 5

ಈ ಲೆಕ್ಕದಿಂದ ಟ್ಯೂಬ್ ಎಷ್ಟು ದಿನ ಬರಬೇಕೆಂದು ನೀವೇ ಹೇಳಬಹುದು. ನಾಲ್ಕು ವರ್ಷದ ಮಗುವಿನ ಎರಡೂ ಕಾಲಿಗೆ ದಿನಕ್ಕೊಮ್ಮೆ ಹಚ್ಚಿದರೆ ಆರು ಗೆರೆ, ಅಂದರೆ 3 ಗ್ರಾಂ. 15 ಗ್ರಾಂ ಟ್ಯೂಬ್ ಐದು ದಿನಕ್ಕೆ ಮುಗಿಯಬೇಕು. ಒಂದು ತಿಂಗಳು ಬಂತು ಅಂದರೆ ಹಚ್ಚಿದ್ದು ಸಾಲಲಿಲ್ಲ. ಬರೀ ಎರಡು ಅಂಗೈಯಷ್ಟು ಜಾಗಕ್ಕೆ ತಂದ ಟ್ಯೂಬ್ ವಾರದಲ್ಲಿ ಖಾಲಿಯಾದರೆ ಬಳಕೆ ಮಿತಿ ಮೀರಿದೆ.

ದಿನಕ್ಕೆ ಎಷ್ಟು ಸಲ, ಎಷ್ಟು ದಿನ

ಬಲವಾದ ಮುಲಾಮುಗಳಲ್ಲಿ ಹೆಚ್ಚಿನವನ್ನು ದಿನಕ್ಕೊಮ್ಮೆ ಹಚ್ಚಿದರೆ ಸಾಕು, ಕೆಲವನ್ನು ಎರಡು ಸಲ. ನಾಲ್ಕು ಸಲ ಹಚ್ಚಿದರೆ ನಾಲ್ಕು ಪಟ್ಟು ಗುಣವಾಗುವುದಿಲ್ಲ. ಇಸುಬು ಕೆರಳಿದಾಗ ಸಾಮಾನ್ಯವಾಗಿ 7ರಿಂದ 14 ದಿನ ಹಚ್ಚಲು ಹೇಳುತ್ತಾರೆ. ನಿಮಗೆ ಎಷ್ಟು ದಿನ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ನಿಲ್ಲಿಸುವ ದಿನಾಂಕವನ್ನು ಟ್ಯೂಬಿನ ಡಬ್ಬಿಯ ಮೇಲೆ ಪೆನ್ನಿನಿಂದ ಬರೆದಿಡಿ. ಮನೆಯಲ್ಲಿ ಯಾರು ಹಚ್ಚಿದರೂ ತಪ್ಪಾಗುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಹೆದರಿ ಎರಡು ದಿನಕ್ಕೆ ನಿಲ್ಲಿಸುವ ತಾಯಂದಿರು ಬಹಳ. ಅರ್ಧ ಆರಿದ ಇಸುಬು ವಾರದೊಳಗೆ ಮತ್ತೆ ಕೆರಳುತ್ತದೆ, ಮಗು ರಾತ್ರಿಯಿಡೀ ತುರಿಸಿಕೊಂಡು ಗಾಯ ಮಾಡಿಕೊಳ್ಳುತ್ತದೆ, ಕೊನೆಗೆ ಔಷಧಿಯೂ ಹೆಚ್ಚೇ ಬೇಕಾಗುತ್ತದೆ. ಸರಿಯಾದ ಬಲದ್ದನ್ನು, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಚರ್ಮ ತೆಳುವಾಗುವ ಭಯ ತೀರಾ ಕಡಿಮೆ. ಪದೇ ಪದೇ ಒಂದೇ ಜಾಗದಲ್ಲಿ ಕೆರಳುವವರಿಗೆ, ಇಸುಬು ಆರಿದ ಮೇಲೂ ವಾರಕ್ಕೆ ಎರಡು ದಿನ ಹಚ್ಚುವ ಪದ್ಧತಿಯಿದೆ. ಅದನ್ನು ವೈದ್ಯರೇ ಹೇಳಬೇಕು.

ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರು ಈ ಲೇಖನ ಓದಿ ಗಾಬರಿಯಾಗಬೇಡಿ. ನಿಲ್ಲಿಸಿದಾಗ ಕೆಂಪು, ಉರಿ ಹೆಚ್ಚುವುದು ಸಹಜ; ಆ ಉರಿಗೆ ಸೋತು ಮತ್ತೆ ಅದೇ ಟ್ಯೂಬ್ ಹಿಡಿದರೆ ಸುಳಿಯಿಂದ ಹೊರಬರಲಾಗುವುದಿಲ್ಲ. ಚರ್ಮತಜ್ಞರನ್ನು ಕಂಡು, ಏನು ಹಚ್ಚಿದಿರಿ, ಎಷ್ಟು ದಿನ ಹಚ್ಚಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಹಂತ ಹಂತವಾಗಿ ಬಿಡಿಸುವ ದಾರಿ ಅವರಿಗೆ ಗೊತ್ತಿದೆ.

ಸ್ಟೀರಾಯ್ಡ್ ಅಲ್ಲದ ಮುಲಾಮು

ಮುಖ, ರೆಪ್ಪೆ, ಕತ್ತು, ಮಡಿಕೆಗಳ ಇಸುಬಿಗೆ ವೈದ್ಯರು ಟ್ಯಾಕ್ರೋಲಿಮಸ್ ಬರೆಯಬಹುದು. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಸಿಕ್ಕ ಈ ಔಷಧಿ ಮೊದಲು ಅಂಗಾಂಗ ಕಸಿಯಲ್ಲಿ ಹೆಸರಾಯಿತು. ಇಸುಬಿನ ಮುಲಾಮಾಗಿ 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದರಿಂದ ಚರ್ಮ ತೆಳುವಾಗುವುದಿಲ್ಲ ಎಂಬುದೇ ದೊಡ್ಡ ಅನುಕೂಲ. 2ರಿಂದ 15 ವರ್ಷದವರಿಗೆ 0.03%, ಅದಕ್ಕೂ ದೊಡ್ಡವರಿಗೆ 0.1%. ಸಾಮಾನ್ಯ ಸ್ಟೀರಾಯ್ಡ್ ಟ್ಯೂಬಿಗಿಂತ ಬೆಲೆ ಹೆಚ್ಚು.

ಮೊದಲ ಕೆಲವು ದಿನ ಹಚ್ಚಿದ ಜಾಗ ಉರಿಯುತ್ತದೆ. ಬಹಳ ಮಂದಿ ಅಲರ್ಜಿಯಾಯಿತೆಂದು ಇಲ್ಲೇ ಬಿಟ್ಟುಬಿಡುತ್ತಾರೆ. ಚರ್ಮ ಆರುತ್ತಾ ಬಂದಂತೆ ಸಾಮಾನ್ಯವಾಗಿ ವಾರದೊಳಗೆ ಆ ಉರಿ ಇಳಿಯುತ್ತದೆ. ಸ್ನಾನ ಮಾಡಿದ ಕೂಡಲೆ ಹಸಿ ಮೈಗೆ ಹಚ್ಚದೆ ಒಣಗಿದ ಮೇಲೆ ಹಚ್ಚಿದರೆ ಉರಿ ಕಡಿಮೆ. ಕೀವಿರುವ ಜಾಗಕ್ಕೆ ಹಚ್ಚಬಾರದು. ಹಚ್ಚಿದ ಜಾಗಕ್ಕೆ ಬಿಸಿಲು ಬೀಳದಂತೆ ನೋಡಿಕೊಳ್ಳಬೇಕು. ಮದ್ಯ ಕುಡಿದರೆ ಮುಖ ಕೆಂಪೇರಬಹುದು. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದರ ಡಬ್ಬಿಗೆ ಕ್ಯಾನ್ಸರಿನ ಎಚ್ಚರಿಕೆ ಸೇರಿಸಿದರು. ಆಮೇಲಿನ ಅಧ್ಯಯನಗಳಲ್ಲಿ ಮುಲಾಮೇ ಕ್ಯಾನ್ಸರಿಗೆ ಕಾರಣ ಎಂಬುದು ಸಾಬೀತಾಗಿಲ್ಲ. ಆದರೂ ಬೇಕಾದ ಜಾಗಕ್ಕೆ, ಬೇಕಾದಷ್ಟು ದಿನ ಎಂಬ ನಿಯಮ ಇದಕ್ಕೂ ಅನ್ವಯಿಸುತ್ತದೆ.

ಮುಲಾಮಿಗಿಂತ ಮೊದಲು ತೇವ

ಬೀದರಿನದು ಎತ್ತರದ ಪ್ರಸ್ಥಭೂಮಿ. ಡಿಸೆಂಬರ್, ಜನವರಿಯ ಥಂಡಿ ಗಾಳಿ ಚರ್ಮದ ತೇವವನ್ನು ಹೀರಿಬಿಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ನೊರೆ ಬಿಡುವುದಿಲ್ಲವೆಂದು ಇನ್ನಷ್ಟು ಸೋಪು ಉಜ್ಜುತ್ತೇವೆ. ಸುಡುವ ನೀರು ಮೈಮೇಲೆ ಬಿದ್ದಾಗ ತುರಿಕೆಗೆ ಹಿತವೆನಿಸುತ್ತದೆ, ಅರ್ಧ ಗಂಟೆಯಲ್ಲಿ ತುರಿಕೆ ಇಮ್ಮಡಿಯಾಗುತ್ತದೆ. ಇಸುಬಿರುವವರು ಉಗುರುಬೆಚ್ಚಗಿನ ನೀರಲ್ಲಿ ಐದು ಹತ್ತು ನಿಮಿಷದಲ್ಲಿ ಸ್ನಾನ ಮುಗಿಸಬೇಕು. ಸೋಪು ಕಂಕುಳು, ತೊಡೆಸಂದಿಗೆ ಸಾಕು.

ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಒಣಗುವ ಮೊದಲೇ ತೇವಕಾರಕ ಹಚ್ಚಿ. ದುಬಾರಿ ಕ್ರೀಮೇ ಬೇಕೆಂದಿಲ್ಲ. ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಾಫಿನ್, ಶುದ್ಧ ಕೊಬ್ಬರಿ ಎಣ್ಣೆ ಆಗುತ್ತದೆ. ದಿನಕ್ಕೆ ಎರಡು ಮೂರು ಸಲ, ಇಸುಬು ಆರಿದ ಮೇಲೂ ಹಚ್ಚಬೇಕು. ಇದಕ್ಕೆ ಬೆರಳ ತುದಿಯ ಲೆಕ್ಕವಿಲ್ಲ, ಧಾರಾಳವಾಗಿ ಹಚ್ಚಿ. ಸ್ಟೀರಾಯ್ಡ್ ಮುಲಾಮಿಗೂ ತೇವಕಾರಕಕ್ಕೂ ನಡುವೆ ಅರ್ಧ ಗಂಟೆ ಬಿಡುವಿರಲಿ. ಪ್ಯಾರಾಫಿನ್, ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಒಲೆಯ ಮುಂದೆ ಕೆಲಸ ಮಾಡುವವರು ಬಟ್ಟೆ ಬದಲಿಸಿ, ಜಿಡ್ಡು ಮೆತ್ತಿದ ಸೆರಗು, ದುಪಟ್ಟಾ, ಚಾದರವನ್ನು ಆಗಾಗ ಬಿಸಿನೀರಲ್ಲಿ ಒಗೆಯಿರಿ.

ಉಣ್ಣೆಯ ಸ್ವೆಟರನ್ನು ಮಗುವಿನ ಬರಿ ಮೈಗೆ ಹಾಕಬೇಡಿ, ಒಳಗೆ ಹತ್ತಿಯ ಅಂಗಿ ಇರಲಿ. ಉಗುರು ಕತ್ತರಿಸಿ. ಇಸುಬಿನ ಮೇಲೆ ಬೆಳ್ಳುಳ್ಳಿ ಅರೆದು ಕಟ್ಟುವುದು, ಸೀಮೆಎಣ್ಣೆ ಸವರುವುದು ಚರ್ಮವನ್ನು ಸುಡುತ್ತದೆ. ಯಾವ ತಿಂಡಿಯಿಂದ ಹೆಚ್ಚುತ್ತದೆಂದು ಖಚಿತವಿಲ್ಲದೆ ಮಗುವಿಗೆ ಹಾಲು, ತತ್ತಿ, ಬೇಳೆ ಎಲ್ಲ ನಿಲ್ಲಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಪಥ್ಯ ವೈದ್ಯರನ್ನು ಕೇಳಿಯೇ ಮಾಡಿ.

ಹಸುಗೂಸು, ಗರ್ಭಿಣಿ

ಒಂದು ವರ್ಷದೊಳಗಿನ ಮಗುವಿಗೆ ಸೌಮ್ಯ ಸ್ಟೀರಾಯ್ಡ್ ಕೂಡ ವೈದ್ಯರ ಕಣ್ಣಳತೆಯಲ್ಲೇ ಇರಬೇಕು. ಡೈಪರ್ ಕಟ್ಟಿದ ಜಾಗದಲ್ಲಿ ಚರ್ಮ ಮುಲಾಮನ್ನು ಹೆಚ್ಚು ಹೀರಿಕೊಳ್ಳುತ್ತದೆ. ಎಳೆಯ ಮೈಮೇಲೆ ಬಲವಾದ ಸ್ಟೀರಾಯ್ಡನ್ನು ದೀರ್ಘಕಾಲ ಹಚ್ಚಿದರೆ ಔಷಧಿ ರಕ್ತಕ್ಕೆ ಸೇರಿ ಬೆಳವಣಿಗೆಗೆ ತೊಡಕಾಗಬಹುದು. ಗರ್ಭಿಣಿಯರು ಸೌಮ್ಯ, ಮಧ್ಯಮ ಬಲದ್ದನ್ನು ವೈದ್ಯರ ಸಲಹೆಯಂತೆ ಬಳಸಬಹುದು. ಅತಿ ಬಲವಾದದ್ದನ್ನು ಹೆಚ್ಚು ಪ್ರಮಾಣದಲ್ಲಿ ಬಳಸುವುದು ಬೇಡ. ಮೊಲೆ ತೊಟ್ಟಿಗೆ ಹಚ್ಚಿದ್ದರೆ ಹಾಲೂಡಿಸುವ ಮೊದಲು ಚೆನ್ನಾಗಿ ಒರೆಸಿ ತೊಳೆಯಿರಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದಾಗ

• ಜೇನುಬಣ್ಣದ ಹಕ್ಕಳೆ, ಕೀವು, ಬಿಸಿ ಊತ, ಜ್ವರ ಬಂದರೆ.
• ಇಸುಬಿನ ಮೇಲೆ ಒಂದೇ ಅಳತೆಯ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಮಗು ಮಂಕಾದರೆ. ಇದು ಹರ್ಪಿಸ್ ಸೋಂಕಿರಬಹುದು, ಅದೇ ದಿನ ತೋರಿಸಿ.
• ಮೈಯೆಲ್ಲ ಕೆಂಪಾಗಿ ಪೊರೆ ಕಳಚುತ್ತಿದ್ದರೆ, ಚಳಿ ನಡುಕ ಬರುತ್ತಿದ್ದರೆ.
• ಮುಲಾಮು ಹಚ್ಚಿದ ಜಾಗ ದುಂಡಗೆ ಹರಡುತ್ತಾ ಹೋದರೆ.
• ಎರಡು ವಾರ ಸರಿಯಾಗಿ ಹಚ್ಚಿಯೂ ಕಡಿಮೆಯಾಗದಿದ್ದರೆ.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು

ಬೀದರಿನಲ್ಲಿ 2007ರಲ್ಲಿ ಶುರುವಾದ ಬ್ರಿಮ್ಸ್ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ ಇದೆ. ಹೊರರೋಗಿ ಚೀಟಿ ಮಾಡಿಸುವಾಗ ಚರ್ಮರೋಗ ವಿಭಾಗ ಎಂದು ಕೇಳಿ. ಭಾಲ್ಕಿ, ಔರಾದಿನವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಸೌಮ್ಯ ಇಸುಬಿಗೆ ಎಂಬಿಬಿಎಸ್ ವೈದ್ಯರ ಚಿಕಿತ್ಸೆಯೂ ಸಾಕು. ಬೀದರಿಗೆ ಬಸ್ಸಿನಲ್ಲಿ ಬಂದುಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಚರ್ಮತಜ್ಞರು ಯಾವ ದಿನ ಸಿಗುತ್ತಾರೆಂದು ಮೊದಲೇ ವಿಚಾರಿಸಿ. ಸರಕಾರದ ಇ-ಸಂಜೀವಿನಿಯ ಮೂಲಕ ದೂರದಿಂದಲೇ ವೈದ್ಯರನ್ನು ಕೇಳುವ ಅವಕಾಶವೂ ಇದೆ. ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಂಡರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ನೋಡಬಹುದು.

ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಖಾಲಿಯಾದವನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಇಸುಬು ಹೆಚ್ಚಿದ್ದಾಗ ತೆಗೆದ ಫೋಟೊ ಮೊಬೈಲಿನಲ್ಲಿರಲಿ. ಎದ್ದು ಬರುವ ಮೊದಲು ಇಷ್ಟು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ:

• ಡಾಕ್ಟ್ರೇ, ಇದು ಇಸುಬೇ ಹೌದಾ, ಹುಳುಕಡ್ಡಿ ಅಲ್ಲವಾ?
• ಈ ಮುಲಾಮು ಎಷ್ಟು ಬಲದ್ದು? ಮುಖಕ್ಕೆ ಹಚ್ಚಬಹುದಾ?
• ದಿನಕ್ಕೆ ಎಷ್ಟು ಸಲ, ಬೆರಳ ತುದಿಯಲ್ಲಿ ಎಷ್ಟು ಗೆರೆ?
• ಯಾವ ದಿನ ನಿಲ್ಲಿಸಬೇಕು? ಮತ್ತೆ ಬಂದರೆ ಏನು ಮಾಡಬೇಕು?

ರೋಗಿ ಬಹಳ ಇರುವ ಹೊರರೋಗಿ ವಿಭಾಗದಲ್ಲಿ ಇದನ್ನೆಲ್ಲ ಕೇಳಲು ಸಂಕೋಚವಾಗುತ್ತದೆ. ಸಂಕೋಚ ಬೇಡ. ಎರಡು ನಿಮಿಷದ ಈ ಪ್ರಶ್ನೆಗಳು ಎಷ್ಟೋ ತಿಂಗಳ ತುರಿಕೆ, ಖರ್ಚು, ಕಲೆಯನ್ನು ತಪ್ಪಿಸುತ್ತವೆ. ಔಷಧಿ ಅಂಗಡಿಯವರಲ್ಲೂ ಒಂದು ವಿನಂತಿ: ನಿಮ್ಮ ಮಾತನ್ನು ಊರು ನಂಬುತ್ತದೆ, ಚೀಟಿ ಇಲ್ಲದೆ ಬಂದವರನ್ನು ದವಾಖಾನೆಗೆ ಕಳಿಸಿಕೊಡಿ. ಇಸುಬು ಬಂದು ಹೋಗುವ ಕಾಯಿಲೆ. ಒಂದೇ ಸಲಕ್ಕೆ ಬುಡಸಮೇತ ಕೀಳುವ ಮುಲಾಮು ಇದೆ ಎಂದವರನ್ನು ನಂಬಬೇಡಿ. ಅದನ್ನು ಹಿಡಿತದಲ್ಲಿಡುವ ಔಷಧಿ ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಲೆಕ್ಕ ತಪ್ಪದಂತೆ ಹಚ್ಚುವುದು ಮಾತ್ರ ನಮ್ಮ ಕೈಯಲ್ಲಿದೆ.